ಸಕ್ಕರೆ ಒಂದನ್ನೇ ನೋಡಿದರೆ ಸಾಲದು

ಮೊಳಕಾಲ್ಮೂರಿನಲ್ಲಿ ಮಗ್ಗದ ಮನೆ ನಮ್ಮದು. ಮಗಳಿಗೆ ಟೈಪ್ 1 ಮಧುಮೇಹ ಎಂದಾಗ ಎಲ್ಲರದೂ ಒಂದೇ ಮಾತು: ‘ಅನ್ನ ಬಿಡಿಸಿ, ಚಪಾತಿ ಕೊಡಿ.’ ಹಾಗೇ ಮಾಡಿದೆವು; ಅವಳ ಹೊಟ್ಟೆ ಉಬ್ಬರಿಸಿತು, ಬೆಳವಣಿಗೆ ನಿಂತಿತು. ಇನ್ಸುಲಿನ್ ಅಷ್ಟೇ ಇದ್ದರೂ ಸಕ್ಕರೆ ದಿಢೀರನೆ ಇಳಿದು ಮೈಯೆಲ್ಲ ಬೆವರು. ರಕ್ತಪರೀಕ್ಷೆ, ಬಯಾಪ್ಸಿ ಆದಮೇಲೆ ಗೊತ್ತಾಗಿದ್ದು ಸೀಲಿಯಾಕ್: ಗೋಧಿಯ ಗ್ಲುಟೆನ್‌ನಿಂದ ದೇಹದ ರೋಗನಿರೋಧಕ ಶಕ್ತಿಯೇ ಸಣ್ಣಕರುಳನ್ನು ಕೆಡಿಸುವ ಕಾಯಿಲೆ. ಟೈಪ್ 1 ಇರುವ ಮಕ್ಕಳಲ್ಲಿ ಥೈರಾಯ್ಡ್ ತೊಂದರೆ ಸೀಲಿಯಾಕ್‌ಗಿಂತ ಹೆಚ್ಚು.

ನಮ್ಮ ರಾಗಿಮುದ್ದೆ, ನವಣೆ ಅನ್ನದಲ್ಲಿ ಗ್ಲುಟೆನ್ ಇಲ್ಲ. ಗೋಧಿ ಬೀಸಿದ ಗಿರಣಿಯ ಹಿಟ್ಟು ಮಾತ್ರ ಬೇಡ. ಮುದ್ದೆಗೂ ಇನ್ಸುಲಿನ್ ಲೆಕ್ಕ ಬೇಕು.

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕು ಆಸ್ಪತ್ರೆಗಳಲ್ಲಿ ಟೈಪ್ 1 ಪತ್ತೆಯಾದ ಕೂಡಲೇ ಸೀಲಿಯಾಕ್, ಥೈರಾಯ್ಡ್ ಎರಡೂ ಪರೀಕ್ಷೆಗೆ ರಕ್ತ ತೆಗೆಯಲಿ. ಸೀಲಿಯಾಕ್‌ಗೆ 2 ವರ್ಷದೊಳಗೆ, 5 ವರ್ಷಕ್ಕೆ ಮತ್ತೊಮ್ಮೆ. ಚಿತ್ರದುರ್ಗಕ್ಕೆ ಸ್ಯಾಂಪಲ್ ಹೋಗಲಿ, ಕೂಲಿ ಬಿಟ್ಟು ಅಪ್ಪ-ಅಮ್ಮ ಅಲೆಯುವುದು ಬೇಡ.