ಮದುವೆ ಮದ್ದಲ್ಲ

ಹಿಂದಿ ಚಿತ್ರರಂಗಕ್ಕೆ ಸಲಿಂಗ ಪ್ರೇಮವು ಬಹುಕಾಲ ನಗೆಯ ಸರಕಾಗಿತ್ತು. 2008ರ 'ದೋಸ್ತಾನಾ'ದಲ್ಲಿ ಇಬ್ಬರು ಯುವಕರು ಮಯಾಮಿ ನಗರದಲ್ಲಿ ಬಾಡಿಗೆ ಮನೆ ಪಡೆಯಲಿಕ್ಕಾಗಿ ತಾವು ಸಲಿಂಗ ಪ್ರೇಮಿಗಳೆಂದು ಸುಳ್ಳು ಹೇಳುತ್ತಾರೆ. 2020ರ ಫೆಬ್ರವರಿಯಲ್ಲಿ ತೆರೆಕಂಡ, ಹಿತೇಶ್ ಕೇವಲ್ಯ ನಿರ್ದೇಶನದ 'ಶುಭ್ ಮಂಗಲ್ ಜ್ಯಾದಾ ಸಾವಧಾನ್'ನಲ್ಲಿ ಸುಳ್ಳಿನ ಹೊಣೆ ಹೆತ್ತವರ ಹೆಗಲಿಗೆ ಬಂದಿದೆ. ದಿಲ್ಲಿಯಲ್ಲಿ ಜೊತೆಯಾಗಿ ಬದುಕುವ ಅಮನ್ ಮತ್ತು ಕಾರ್ತಿಕ್ ನಿಜವಾಗಿಯೂ ಪ್ರೇಮಿಗಳು. ವಿಷಯ ತಿಳಿದ ಅಲಹಾಬಾದಿನ ತಂದೆ ಕೋಲೆತ್ತಿಕೊಳ್ಳುತ್ತಾನೆ. ಬಳಿಕ ಕುಸುಮ್ ಎಂಬ ಹುಡುಗಿಯೊಂದಿಗೆ ಮಗನ ಮದುವೆ ನಿಶ್ಚಯವಾಗುತ್ತದೆ. ಸಲಿಂಗ ಸಂಬಂಧವನ್ನು ಅಪರಾಧಮುಕ್ತಗೊಳಿಸಿದ 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನೊಂದಿಗೆ ಕಥೆ ಸುಖಾಂತ್ಯ ಕಾಣುತ್ತದೆ.

ಇಂತಹ ಚಿತ್ರಗಳ ಬಗ್ಗೆ ನಮ್ಮ ವಲಯದ ಪ್ರತಿಕ್ರಿಯೆ ಸಿದ್ಧವಾಗಿಯೇ ಇರುತ್ತದೆ: ಇದು ನೈತಿಕ ಅಧಃಪತನ, ಕುಟುಂಬ ವ್ಯವಸ್ಥೆಯ ಮೇಲಿನ ದಾಳಿ. ಲೈಂಗಿಕ ಬದುಕಿಗೆ ಇಸ್ಲಾಮ್ ಹಾಕಿಕೊಟ್ಟ ಚೌಕಟ್ಟು ಹೆಣ್ಣು-ಗಂಡಿನ ನಡುವಣ ನಿಕಾಹ್ ಎಂಬುದರಲ್ಲಿ ಈ ಲೇಖಕನಿಗೂ ಸಂದೇಹವಿಲ್ಲ. ಆದರೆ ಪ್ರಶ್ನೆ ಬೇರೆಯೇ ಇದೆ. ಆ ನಿಕಾಹನ್ನೇ ಸುಳ್ಳಿನ ಹೊದಿಕೆಯಾಗಿ ಬಳಸುವ ಹೆತ್ತವರು ನಮ್ಮಲ್ಲಿಲ್ಲವೇ?

ಈ ಚಿತ್ರದ ಹಾಸ್ಯ ನಿಂತಿರುವುದು ಒಂದು ಜಾಣ ಏರ್ಪಾಡಿನ ಮೇಲೆ. ಕುಸುಮ್‌ಗೂ ಬೇರೊಬ್ಬ ಪ್ರಿಯಕರನಿದ್ದಾನೆ. ಮದುವೆಯ ದಿನವೇ ಆಕೆ ಮನೆ ಬಿಟ್ಟು ಹೋಗುತ್ತಾಳೆ. ಆದ್ದರಿಂದ ಪ್ರೇಕ್ಷಕರು ನಿರಾಳವಾಗಿ ನಗಬಹುದು. ಆಕೆ ಏನೂ ಅರಿಯದೆ, ನೂರು ಕನಸು ಹೊತ್ತು ಆ ಮನೆಯ ಹೊಸ್ತಿಲು ತುಳಿದಿದ್ದರೆ? ನಗು ಅಲ್ಲಿಯೇ ಸತ್ತುಹೋಗುತ್ತಿತ್ತು. ಚಿತ್ರ ನಿರ್ಮಾಪಕರು ಜಾಣತನದಿಂದ ಕೈಬಿಟ್ಟ ಆ ಹುಡುಗಿ ನಮ್ಮ ಊರುಗಳಲ್ಲಿದ್ದಾಳೆ.

"ಒಂದು ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತದೆ" ಎಂಬುದು ನಮ್ಮ ಹಿರಿಯರ ಹಳೆಯ ಔಷಧಿ. ಸಲಿಂಗಾಸಕ್ತಿ ಕಾಯಿಲೆಯಲ್ಲವೆಂದು ಭಾರತೀಯ ಮನೋವೈದ್ಯರ ಸಂಘವು 2018ರಲ್ಲಿ ಸ್ಪಷ್ಟಪಡಿಸಿದೆ. ಕಾಯಿಲೆಯೇ ಅಲ್ಲದ್ದಕ್ಕೆ ಯಾರದೋ ಮಗಳನ್ನು ಮದ್ದಾಗಿ ಅರೆಯುವುದು ಯಾವ ನ್ಯಾಯ? ಗಂಡ ಮುಖ ತಿರುಗಿಸಿದಾಗ ಆಕೆ ತನ್ನಲ್ಲೇ ಕೊರತೆ ಹುಡುಕುತ್ತಾಳೆ. ಅತ್ತೆ ಮಗುವಿನ ಬಗ್ಗೆ ವಿಚಾರಿಸುತ್ತಾರೆ. ತವರಿಗೆ ಬಂದರೆ ಸಹನೆಯ ಉಪದೇಶ. ಪತಿಯು ಸಕಾರಣವಿಲ್ಲದೆ 3 ವರ್ಷ ದಾಂಪತ್ಯದ ಹೊಣೆ ನಿರ್ವಹಿಸದಿದ್ದರೆ ವಿಚ್ಛೇದನ ಪಡೆಯುವ ಹಕ್ಕನ್ನು 1939ರ ಮುಸ್ಲಿಮ್ ವಿವಾಹ ವಿಚ್ಛೇದನ ಕಾಯ್ದೆಯು ಆಕೆಗೆ ನೀಡಿದೆ. ಆದರೆ ಹೆತ್ತ ತಾಯಿಯೊಂದಿಗೂ ಹೇಳಲಾಗದ್ದನ್ನು ಆಕೆ ನ್ಯಾಯಾಲಯದಲ್ಲಿ ಹೇಗೆ ಹೇಳಿಯಾಳು? ಖುಲಾ ಕೇಳಿದರೆ ಸಂಸಾರ ಕೆಡಿಸಿದವಳೆಂಬ ಹಣೆಪಟ್ಟಿ ಬೇರೆ!

ಪ್ರವಾದಿವರ್ಯರು(ಸ) ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳುಗಳಿಗೆ ತೇವ ತಗುಲಿತು. ಒದ್ದೆ ಧಾನ್ಯವನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ವ್ಯಾಪಾರಿಯನ್ನು ಕೇಳಿದ ಅವರು, ವಂಚಿಸುವವನು ತನ್ನವನಲ್ಲವೆಂದು ಎಚ್ಚರಿಸಿದರು. ಹಿಡಿ ಧಾನ್ಯದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾದ ಧರ್ಮವು ಒಂದು ಹೆಣ್ಣಿನ ಇಡೀ ಬದುಕಿನ ವಿಷಯದಲ್ಲಿ ಮೌನವಾಗಿರುವುದೇ? ಖನ್ಸಾ ಬಿಂತಿ ಖಿದಾಮ್‌ರ(ರ) ಇಚ್ಛೆಗೆ ವಿರುದ್ಧವಾಗಿ ಅವರ ತಂದೆ ಮಾಡಿಸಿದ ವಿವಾಹವನ್ನು ಪ್ರವಾದಿವರ್ಯರು(ಸ) ರದ್ದುಪಡಿಸಿದ್ದರು. ಸತ್ಯವನ್ನು ಮುಚ್ಚಿಟ್ಟು ಪಡೆದ ಒಪ್ಪಿಗೆಯನ್ನು ಒಪ್ಪಿಗೆಯೆಂದು ಕರೆಯಲು ನಮಗೆ ನಾಚಿಕೆಯಾಗಬೇಕು.

ಮಗನ ಮೇಲೆ ನಡೆಯುವುದೂ ಅನ್ಯಾಯವೇ. ಬೇಡವೆಂದು ಬೇಡಿಕೊಳ್ಳುವವನನ್ನು ಬೆದರಿಸಿ, ಹೊಡೆದು, ನಿಕಾಹ್‌ನ ಸಭೆಯಲ್ಲಿ ಕೂರಿಸುವುದು ದೀನ್ ಅಲ್ಲ. ಪರಿಹಾಸ್ಯವನ್ನೂ ಇತರರ ಗುಟ್ಟು ಕೆದಕುವುದನ್ನೂ ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯವು ನಿಷೇಧಿಸಿದೆ. ಅವನ ದೌರ್ಬಲ್ಯದ ಲೆಕ್ಕ ಅಲ್ಲಾಹನ ಬಳಿಯಿದೆ. ಆದರೆ ನಮ್ಮ ವಂಚನೆಯ ಲೆಕ್ಕವನ್ನು ನಾವೇ ಕೊಡಬೇಕಾಗಿದೆ.

ಮಗ ಮದುವೆ ಬೇಡವೆಂದರೆ ಹೆತ್ತವರು ಅಲ್ಲಿಗೇ ನಿಲ್ಲಿಸಲಿ. ಹೆಣ್ಣಿನ ವಲೀ ಆದವರು ವರನ ಸಂಬಳ, ಮನೆ ವಿಚಾರಿಸಿದಷ್ಟೇ ಶ್ರದ್ಧೆಯಿಂದ ಅವನನ್ನು ಏಕಾಂತದಲ್ಲಿ ಕೂರಿಸಿ, ಈ ಮದುವೆಗೆ ಅವನ ಮನಸ್ಸಿದೆಯೇ ಎಂದು ಕೇಳಲಿ. ಖುಲಾ ಕೋರಿ ಬಂದ ಹೆಣ್ಣಿನ ಮಾತನ್ನು ಜಮಾಅತ್‌ಗಳು ಅವಮಾನಿಸದೆ ಆಲಿಸಲಿ. ಖತೀಬರು ಸಿನಿಮಾವನ್ನು ಖಂಡಿಸುವ ಮುನ್ನ ಒಂದು ಜುಮಾ ಖುತ್ಬಾವನ್ನು ಇದಕ್ಕೆ ಮೀಸಲಿಡಲಿ.

ಮನೆತನದ ಮಾನ ಉಳಿಸಲು ಇನ್ನೊಬ್ಬರ ಮಗಳ ಬದುಕನ್ನು ಬಲಿಗೊಟ್ಟವರಿಗೆ, ಕುಟುಂಬ ವ್ಯವಸ್ಥೆಯ ಹೆಸರಿನಲ್ಲಿ ಸಿನಿಮಾದ ಮೇಲೆ ಕಲ್ಲೆಸೆಯುವ ಯಾವ ನೈತಿಕ ಹಕ್ಕಿದೆ?