ಹದಿನೆಂಟು ವರ್ಷಗಳ ಸಹಜಸ್ಥಿತಿ

ಲುಬೊಮೀರ್ ಶ್ಟ್ರೌಗಲ್ 2023ರ ಫೆಬ್ರವರಿಯಲ್ಲಿ, ತನ್ನ 98ನೆಯ ವಯಸ್ಸಿನಲ್ಲಿ ತೀರಿಕೊಂಡ. ಅವನ ಬಗ್ಗೆ ಬರೆದವರು ಮತ್ತೆ ಮತ್ತೆ ಬಳಸುವ ಪದ ಒಂದೇ, ಪ್ರಾಗ್ಮ್ಯಾಟಿಸ್ಟ್. ಕನ್ನಡದಲ್ಲಿ ವ್ಯವಹಾರಜ್ಞ ಅನ್ನಬಹುದು, ವಾಸ್ತವವಾದಿ ಅನ್ನಬಹುದು. 1970ರ ಜನವರಿಯಿಂದ 1988ರ ಅಕ್ಟೋಬರ್‌ವರೆಗೆ, ಅಂದರೆ ಹದಿನೆಂಟು ವರ್ಷಕ್ಕೂ ಮಿಕ್ಕಿ, ಚೆಕೊಸ್ಲೊವಾಕಿಯಾದ ಪ್ರಧಾನಿಯಾಗಿದ್ದವನು ಈತ. ಆ ಕುರ್ಚಿಯಲ್ಲಿ ಅಷ್ಟು ಕಾಲ ಕೂತವರು ಬೇರೆ ಯಾರೂ ಇಲ್ಲ. ಪಕ್ಷದೊಳಗಿನ ವಾಸಿಲ್ ಬಿಲಾಕ್‌ನಂಥ ಕಟ್ಟಾ ಮಾಸ್ಕೋವಾದಿಗಳ ಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ಈತ ಎಷ್ಟೋ ವಾಸಿ ಎಂಬುದು ವಾದ. ಇರಬಹುದು. ನನ್ನ ತಕರಾರು ಆ ಪದದ ಮೇಲೆ. ಅದು ಮನುಷ್ಯನ ಸ್ವಭಾವ ಹೇಳುತ್ತದೆ, ಅವನು ಕೂತಿದ್ದ ಹುದ್ದೆಯನ್ನು ಮರೆಮಾಡುತ್ತದೆ.

ಆ ಕಾಲದ ಪದಗಳೇ ಹಾಗೆ. 1968ರ ಆಗಸ್ಟ್ 20ರ ರಾತ್ರಿ ನುಗ್ಗಿದ ಟ್ಯಾಂಕುಗಳಿಗೆ ‘ಸೋದರ ನೆರವು’ ಎಂಬ ಹೆಸರು. ಅಕ್ಟೋಬರ್ 16ರಂದು ಸಹಿಯಾದ ಒಪ್ಪಂದ ಸೋವಿಯತ್ ಸೇನೆಯ ‘ತಾತ್ಕಾಲಿಕ’ ವಾಸ್ತವ್ಯಕ್ಕೆ. ಆ ತಾತ್ಕಾಲಿಕ ಮುಗಿದದ್ದು 1991ರ ಜೂನ್‌ನಲ್ಲಿ. ಅದಾದ ಮೇಲಿನ ಎರಡು ದಶಕಗಳಿಗೆ ‘ನಾರ್ಮಲಿಜಾತ್ಸೆ’. ಇದನ್ನು ‘ಸಾಮಾನ್ಯೀಕರಣ’ ಎಂದು ಅನುವಾದಿಸಿದರೆ ಯಾವ ಓದುಗನಿಗೂ ಏನೂ ತಟ್ಟುವುದಿಲ್ಲ. ‘ಸಹಜಸ್ಥಿತಿಗೆ ತರುವುದು’ ಎಂದರೆ ತಟ್ಟುತ್ತದೆ. ಗೋಲಿಬಾರ್, ಕರ್ಫ್ಯೂಗಳ ಮರುದಿನ ನಮ್ಮ ಪತ್ರಿಕೆಗಳಲ್ಲಿ ‘ಪರಿಸ್ಥಿತಿ ಸಹಜಸ್ಥಿತಿಗೆ ಮರಳಿದೆ’ ಎಂಬ ಸಾಲನ್ನು ಓದಿಯೇ ನಾವು ಬೆಳೆದವರು. ಯಾರು ಮರಳಿಸಿದರು ಎಂದು ಆ ವಾಕ್ಯ ಹೇಳುವುದಿಲ್ಲ. ಪ್ರಾಗ್‌ನಲ್ಲಿ ಮರಳಿಸಿದವರಿಗೆ ಹೆಸರಿತ್ತು. ಪಕ್ಷದ ಕಡೆಯಿಂದ ಗುಸ್ತಾವ್ ಹುಸಾಕ್, ಸರ್ಕಾರದ ಕಡೆಯಿಂದ ಶ್ಟ್ರೌಗಲ್.

ಹುಟ್ಟಿದ್ದು 1924ರಲ್ಲಿ, ದಕ್ಷಿಣ ಬೊಹೀಮಿಯಾದ ವೆಸೆಲಿ ನಾಡ್ ಲುಜ್ನಿತ್ಸಿಯಲ್ಲಿ. ಓದಿದ್ದು ಕಾನೂನು. 1959ರಲ್ಲಿ ಕೃಷಿ ಮಂತ್ರಿ, 1961ರಿಂದ 65ರವರೆಗೆ ಗೃಹಮಂತ್ರಿ. ಗೃಹಮಂತ್ರಿಯಾಗಿದ್ದಾಗಿನ ಒಂದು ಪ್ರಸಂಗ ಹೇಳಲೇಬೇಕು. 1964ರಲ್ಲಿ ಶುಮಾವಾ ಬೆಟ್ಟಗಳ ‘ಕಪ್ಪು ಕೆರೆ’ಯ ತಳದಿಂದ ನಾಜಿಗಳ ಪೆಟ್ಟಿಗೆಗಳು ಮೇಲೆ ಬಂದವು, ಟಿವಿ ತಂಡದ ಎದುರಿಗೇ. ಪೆಟ್ಟಿಗೆಗಳನ್ನು ಮುಳುಗಿಸಿಟ್ಟಿದ್ದು ಗೃಹಮಂತ್ರಿಯದೇ ಗುಪ್ತಚರ ಇಲಾಖೆ. ಆಮೇಲೆ ಪತ್ರಿಕಾಗೋಷ್ಠಿಯಲ್ಲಿ ತೋರಿಸಿದ ಕಾಗದಪತ್ರಗಳು ಅಸಲಿಯೇ, ಆದರೆ ಮಾಸ್ಕೋದಿಂದ ಬಂದವು. ಕೆರೆಯ ಕತೆ ಮಾತ್ರ ಕಟ್ಟಿದ್ದು. ಗೋಷ್ಠಿ ನಡೆಸಿದ್ದು ಶ್ಟ್ರೌಗಲ್. ಆ ಕಾರ್ಯಾಚರಣೆಯಲ್ಲಿ ನೀರಿಗಿಳಿದಿದ್ದ ಲದಿಸ್ಲಾವ್ ಬಿಟ್ಮನ್ 1968ರಲ್ಲಿ ಪಶ್ಚಿಮಕ್ಕೆ ಓಡಿಹೋಗಿ ಎಲ್ಲವನ್ನೂ ಬಾಯಿಬಿಟ್ಟ.

1968ರ ವಸಂತದ ಸರ್ಕಾರದಲ್ಲಿ ಪ್ರಧಾನಿ ಒಲ್ಡ್ರಿಖ್ ಚೆರ್ನಿಕ್, ಶ್ಟ್ರೌಗಲ್ ಉಪಪ್ರಧಾನಿ. ಸೋವಿಯತ್ ಸೈನಿಕರು ಚೆರ್ನಿಕ್‌ನನ್ನು ಹಿಡಿದು ಮಾಸ್ಕೋಗೆ ಒಯ್ದಾಗ ಪ್ರಾಗ್‌ನಲ್ಲಿ ಸರ್ಕಾರದ ಸಭೆಗಳನ್ನು ನಡೆಸಿದ್ದು, ದಾಳಿಯನ್ನು ಖಂಡಿಸಿದ ಸರ್ಕಾರದ ಮುಂದೆ ನಿಂತಿದ್ದು ಇದೇ ಶ್ಟ್ರೌಗಲ್. ಅವನ ಅಭಿಮಾನಿಗಳು ಈ ವಾರವನ್ನು ಎತ್ತಿ ಹಿಡಿಯುತ್ತಾರೆ. ನಾನೂ ಹಿಡಿಯುತ್ತೇನೆ. ಏಕೆಂದರೆ ಆಗುತ್ತಿರುವುದು ಏನೆಂದು ಅವನಿಗೆ ತಿಳಿದಿತ್ತು ಎನ್ನುವುದಕ್ಕೆ ಇದೇ ಸಾಕ್ಷಿ. ಕೆಲವೇ ತಿಂಗಳಲ್ಲಿ ಅವನು ಹುಸಾಕ್ ಪಾಳೆಯದಲ್ಲಿದ್ದ.

ಚೆರ್ನಿಕ್‌ನೂ ಸಾಚಾ ಅಲ್ಲ. ‘ತಾತ್ಕಾಲಿಕ’ ಒಪ್ಪಂದಕ್ಕೆ ಸಹಿ ಹಾಕಿದವನು ಅವನೇ. 1969ರ ಆಗಸ್ಟ್‌ನಲ್ಲಿ, ದಾಳಿಯ ವರ್ಷಾಂತಿಕದ ಪ್ರತಿಭಟನೆಗಳನ್ನು ಗುಂಡಿಟ್ಟು ಅಡಗಿಸಿದ ಬೆನ್ನಿಗೇ ಬಂದ, ಜನ ‘ಲಾಠಿ ಕಾನೂನು’ ಎಂದು ಕರೆದ ಶಾಸನದ ಕೆಳಗೆ ಸ್ವೊಬೊದಾ, ದುಬ್ಚೆಕ್ ಜೊತೆ ಅವನ ಸಹಿಯೂ ಇದೆ. ಆದರೂ ಅವನ ಕುರ್ಚಿ ಹೋಯಿತು, ಪಕ್ಷದ ಸದಸ್ಯತ್ವವೂ ಹೋಯಿತು. ಆ ಕುರ್ಚಿಗೆ ಬಂದು ಕೂತವನಿಗೆ ನಾವು ವ್ಯವಹಾರಜ್ಞ ಎನ್ನುತ್ತಿದ್ದೇವೆ.

ಅವನು ಕೂತ ವರ್ಷವೇ ಪಕ್ಷದ ಶುದ್ಧೀಕರಣ. 3 ಲಕ್ಷಕ್ಕೂ ಹೆಚ್ಚು ಜನ ಪಕ್ಷದಿಂದ ಹೊರಬಿದ್ದರು, ಅವರಲ್ಲಿ ಬಹಳಷ್ಟು ಮಂದಿಗೆ ಉದ್ಯೋಗವೂ ಹೋಯಿತು. ಪತ್ರಕರ್ತರು ಬಾಯ್ಲರ್‌ಗೆ ಕಲ್ಲಿದ್ದಲು ಸುರಿದರು, ಅಧ್ಯಾಪಕರು ಕಿಟಕಿ ಒರೆಸಿದರು. ನಿಷೇಧಕ್ಕೊಳಗಾದ ಅನುವಾದಕರು ಕದ್ದುಮುಚ್ಚಿ ಅನುವಾದಿಸಿದರು. ಪುಸ್ತಕದ ಮೇಲೆ ಹೆಸರು ಬೇರೆಯವರದು. ಯಾವ ಅನುವಾದ ನಿಜಕ್ಕೂ ಯಾರದು ಎಂದು ತಿಳಿಸುವ ಸೂಚಿಯೊಂದು 1992ರಲ್ಲಿ ಅಚ್ಚಾಯಿತು. ಮುಖಪುಟದಲ್ಲಿ ಹೆಸರು ಬರಲಿಲ್ಲ ಎಂದು ಗೊಣಗುವ ನನ್ನಂಥವರು ಅದನ್ನು ನೆನೆಯಬೇಕು.

ಆಮೇಲೆ ಒಂದು ಲಕೋಟೆ. ನಾಗರಿಕ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಚೆಕೊಸ್ಲೊವಾಕಿಯಾ 1976ರಲ್ಲಿ ತನ್ನದೇ ಕಾನೂನು ಸಂಗ್ರಹದಲ್ಲಿ 120ನೆಯ ಸಂಖ್ಯೆಯಾಗಿ ಪ್ರಕಟಿಸಿತ್ತು. ನೀವು ಅಚ್ಚು ಹಾಕಿದ್ದನ್ನು ನೀವೇ ಪಾಲಿಸಿ ಎಂದಷ್ಟೇ ಚಾರ್ಟರ್ 77 ಕೇಳಿದ್ದು. 1977ರ ಜನವರಿ 6ರಂದು ಹಾವೆಲ್, ವಾಟ್ಸುಲಿಕ್, ಲಾಂಡೊವ್ಸ್ಕಿ ಅದನ್ನು ಸಂಸತ್ತಿಗೆ, ಸರ್ಕಾರಕ್ಕೆ, ಸುದ್ದಿಸಂಸ್ಥೆಗೆ ತಲುಪಿಸಲು ಕಾರಿನಲ್ಲಿ ಹೊರಟಿದ್ದರು. ದಾರಿಯಲ್ಲೇ ಪೊಲೀಸರು ಹಿಡಿದರು. ವಿಳಾಸದಲ್ಲಿದ್ದ ‘ಸರ್ಕಾರ’ ಶ್ಟ್ರೌಗಲ್‌ನದು, ತಡೆದ ಪೊಲೀಸರು ಅದೇ ಸರ್ಕಾರದವರು. ಚಾರ್ಟರ್‌ನ ಮೊದಲ ವಕ್ತಾರರಲ್ಲಿ ಒಬ್ಬರಾದ ತತ್ವಶಾಸ್ತ್ರಜ್ಞ ಯಾನ್ ಪಟೊಚ್ಕಾ ಸುದೀರ್ಘ ವಿಚಾರಣೆಗಳ ನಂತರ ಮಾರ್ಚ್ 13ರಂದು ತೀರಿಕೊಂಡರು. ಪ್ರಧಾನಿ ಇನ್ನೂ ಹನ್ನೊಂದು ವರ್ಷ ಮುಂದುವರಿದ.

ಎದುರುವಾದ ನನಗೆ ಗೊತ್ತಿದೆ. ಅವನ ಕಾಲದಲ್ಲಿ ಕಾಂಕ್ರೀಟ್ ಹಲಗೆಗಳ ಅಪಾರ್ಟ್‌ಮೆಂಟುಗಳು ಸಾಲುಸಾಲಾಗಿ ಎದ್ದವು, ಹೊಸದಾಗಿ ಮದುವೆಯಾದವರಿಗೆ ಸಾಲ ಸಿಕ್ಕಿತು. ಎಂಬತ್ತರ ದಶಕದಲ್ಲಿ ಆರ್ಥಿಕ ಸುಧಾರಣೆ ಬೇಕೆಂದು ಪಕ್ಷದೊಳಗೆ ವಾದಿಸಿದವನೂ ಅವನೇ. 1987ರ ಕೊನೆಗೆ ಪಕ್ಷ ಮಿಲೋಷ್ ಯಾಕೆಶ್ ಕೈಗೆ ಹೋಯಿತು, ಮರುವರ್ಷ ಇವನು ಇಳಿದ. ಮನೆ ಸಿಕ್ಕವರ ನೆಮ್ಮದಿಯನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಆ ಸುಧಾರಣೆಯನ್ನು ಇಪ್ಪತ್ತು ವರ್ಷ ಮೊದಲೇ ರೂಪಿಸಿದ್ದ ಅರ್ಥಶಾಸ್ತ್ರಜ್ಞ ಓಟಾ ಶಿಕ್, 1968ರ ಸಂಪುಟದಲ್ಲಿ ಶ್ಟ್ರೌಗಲ್‌ನಂತೆಯೇ ಉಪಪ್ರಧಾನಿ, ಆ ಹೊತ್ತಿಗೆ ಸ್ವಿಟ್ಜರ್ಲೆಂಡಿನಲ್ಲಿ ದೇಶಭ್ರಷ್ಟನಾಗಿದ್ದ. ಅಂಥವರನ್ನೆಲ್ಲ ಹೊರಗಟ್ಟಿದ ವ್ಯವಸ್ಥೆಯ ಸರ್ಕಾರವನ್ನು ನಡೆಸಿ, ಕೊನೆಗೆ ಸುಧಾರಣೆಗೆ ಜೊತೆ ಸಿಗಲಿಲ್ಲ ಎಂದರೆ ಯಾರನ್ನು ದೂರುವುದು?

1990ರಲ್ಲಿ ಪಕ್ಷವೇ ಅವನನ್ನು ಹೊರಹಾಕಿತು. 1948ರ ಸುಮಾರಿಗೆ ಗುಪ್ತ ಪೊಲೀಸರು ನಡೆಸಿದ ಕೊಲೆಗಳ ತನಿಖೆಯನ್ನು ಗೃಹಮಂತ್ರಿಯಾಗಿದ್ದಾಗ ತಡೆದ ಆರೋಪದ ಮೇಲೆ ವಿಚಾರಣೆ ನಡೆದು, 2002ರಲ್ಲಿ ಖುಲಾಸೆಯಾಯಿತು. ಸಾಕ್ಷ್ಯ ಸಾಲದಿದ್ದರೆ ಖುಲಾಸೆ ಮಾಡುವ ನ್ಯಾಯಾಲಯ ಅವನಿಗೆ ಸಿಕ್ಕಿತು. ಅವನ ಆಳ್ವಿಕೆಯಲ್ಲಿ ಕಟಕಟೆ ಹತ್ತಿದ ಚಾರ್ಟರ್‌ನವರಿಗೆ ಸಿಕ್ಕಿರಲಿಲ್ಲ. 2019ರಲ್ಲಿ, ಗಡಿ ದಾಟಲು ಹೋದವರ ಮೇಲೆ ಗುಂಡು ಹಾರಿಸುವುದನ್ನು ತಡೆಯದ ಆರೋಪ ಅವನ ಮೇಲೂ ಯಾಕೆಶ್ ಮೇಲೂ ಬಂತು. ಯಾಕೆಶ್ ಮರುವರ್ಷ ಸತ್ತ. ಶ್ಟ್ರೌಗಲ್ ಮೇಲಿನ ಪ್ರಕರಣ ಅವನ ಅನಾರೋಗ್ಯದ ಕಾರಣ ತೀರ್ಪಿಲ್ಲದೆ ನಿಂತಿತು.