ಅಮ್ಮನ ಆಸೆ ಶೋಕಿಯಲ್ಲ

ಪ್ರಶ್ನೆ: ನಾನು ಎರಡನೆಯ ವರ್ಷದ ಬಿ.ಎಸ್ಸಿ. ವಿದ್ಯಾರ್ಥಿನಿ. ತಾಯಿಗೆ 46 ವರ್ಷ. ಎರಡು ವರ್ಷದ ಹಿಂದೆ ಬಲ ಸ್ತನದಲ್ಲಿದ್ದ ಕ್ಯಾನ್ಸರ್ ಗಂಟನ್ನು ತೆಗೆದು ವಿಕಿರಣ ಚಿಕಿತ್ಸೆ ಕೊಟ್ಟರು. ಈಗ ಕಾಯಿಲೆ ಇಲ್ಲ, ಮಾತ್ರೆ ಮಾತ್ರ ಮುಂದುವರಿದಿದೆ. ಆದರೆ ಬಲಭಾಗ ಬಿಗಿದು ಮೇಲೆ ನಿಂತಿದೆ, ಎಡಭಾಗ ಜೋತುಬಿದ್ದಿದೆ. ರವಿಕೆ ಸರಿಯಾಗಿ ಕೂರುವುದಿಲ್ಲವೆಂದು ಅಮ್ಮ ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಸ್ತನವನ್ನು ಎತ್ತಿ ನಿಲ್ಲಿಸುವ ಆಪರೇಷನ್ ಮಾಡಿಸಬೇಕೆಂದು ಅವರಿಗೆ ಆಸೆ. 'ಜೀವ ಉಳಿದದ್ದೇ ಹೆಚ್ಚು, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ' ಎನ್ನುತ್ತಾರೆ ಅತ್ತೆ. ಅಪ್ಪ ಏನೂ ಹೇಳುವುದಿಲ್ಲ. ಇದರಿಂದ ಕ್ಯಾನ್ಸರ್ ಮತ್ತೆ ಬರುತ್ತದೆಯೇ?

- ಹೆಸರು ಬೇಡ, ಹಾಸನ

ಉತ್ತರ: ನಿಮ್ಮ ತಾಯಿಯವರ ಆಸೆಯಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆರಂಭದ ಹಂತದ ಕ್ಯಾನ್ಸರ್‌ನಲ್ಲಿ ಇಡೀ ಸ್ತನವನ್ನು ತೆಗೆಯಬೇಕಿಲ್ಲ, ಗಂಟನ್ನು ತೆಗೆದು ವಿಕಿರಣ ಕೊಟ್ಟರೂ ಅಷ್ಟೇ ಕಾಲ ಬದುಕಬಹುದು ಎಂಬುದು ಇಟಲಿ ಮತ್ತು ಅಮೆರಿಕದ 20 ವರ್ಷಗಳ ಅಧ್ಯಯನಗಳಿಂದ 2002ರಲ್ಲಿ ದೃಢಪಟ್ಟಿತು. ಹೆಣ್ಣಿಗೆ ತನ್ನ ದೇಹದ ರೂಪವೂ ಮುಖ್ಯವೆಂದು ವೈದ್ಯರು ಒಪ್ಪಿದ್ದರಿಂದಲೇ ಇಂಥ ಚಿಕಿತ್ಸೆ ಬಂದದ್ದು.

ನಿಮ್ಮ ಭಯಕ್ಕೆ ಮೊದಲು ಉತ್ತರ: ಸ್ತನವನ್ನು ಎತ್ತಿ ನಿಲ್ಲಿಸುವ ಈ ಶಸ್ತ್ರಚಿಕಿತ್ಸೆ (ಮಾಸ್ಟೋಪೆಕ್ಸಿ) ಕ್ಯಾನ್ಸರನ್ನು ಮರಳಿ ತರುವುದಿಲ್ಲ. ಇದರಲ್ಲಿ ಹೆಚ್ಚಾಗಿರುವ ಚರ್ಮವನ್ನು ತೆಗೆದು, ತೊಟ್ಟನ್ನು ಅದರ ರಕ್ತನಾಳಗಳ ಸಮೇತ ಮೇಲಕ್ಕೆ ಸರಿಸಿ ಹೊಲಿಯುತ್ತಾರೆ.

ಆದರೆ ಯಾವ ಭಾಗಕ್ಕೆ ಮಾಡುತ್ತಾರೆ ಎಂಬುದು ಬಹಳ ಮುಖ್ಯ. ನಮ್ಮ ಜನ 'ಕರೆಂಟ್ ಕೊಡುವುದು' ಎನ್ನುವ ವಿಕಿರಣ ಚಿಕಿತ್ಸೆ ಸಣ್ಣ ರಕ್ತನಾಳಗಳನ್ನು ಹಾಳುಮಾಡುತ್ತದೆ. ಚರ್ಮ ಗಟ್ಟಿಯಾಗಿ ಕುಗ್ಗುತ್ತದೆ. ಅಲ್ಲಿ ಕತ್ತಿ ಆಡಿಸಿದರೆ ಗಾಯ ತಡವಾಗಿ ಮಾಯುವುದು, ಸೋಂಕು ತಗಲುವುದು, ಒಳಗಿನ ಕೊಬ್ಬು ಸತ್ತು ಗಂಟಾಗುವುದು, ಅಪರೂಪಕ್ಕೆ ತೊಟ್ಟೇ ಹೋಗುವುದು ಉಂಟು. ನಿಮ್ಮ ತಾಯಿಯವರಲ್ಲಿ ಜೋತಿರುವುದು ವಿಕಿರಣ ತಾಗದ ಎಡಭಾಗ. ಬಲಭಾಗವನ್ನು ಮುಟ್ಟದೆ, ಎಡಭಾಗವನ್ನು ಮಾತ್ರ ಅದಕ್ಕೆ ಸರಿಸಮ ಮಾಡಿದರೆ ಅಪಾಯ ಬಹಳ ಕಡಿಮೆ. ಎರಡೂ ಪಡಿಯಚ್ಚಿನಂತೆ ಆಗುವುದಿಲ್ಲ, ಗಾಯದ ಗುರುತು ಉಳಿಯುತ್ತದೆ ಎಂಬುದನ್ನು ಅವರು ಮೊದಲೇ ತಿಳಿದಿರಬೇಕು.

ವಿಕಿರಣ ಮುಗಿದು ಕನಿಷ್ಠ ಆರು ತಿಂಗಳಿಂದ ಒಂದು ವರ್ಷ ಕಾಯುವುದು ವಾಡಿಕೆ. ಆ ಅವಧಿ ನಿಮ್ಮ ತಾಯಿಗೆ ದಾಟಿದೆ. ಮೊದಲು ಕ್ಯಾನ್ಸರ್ ವೈದ್ಯರ ಒಪ್ಪಿಗೆ ಪಡೆದು, ಎರಡೂ ಕಡೆಯ ಮ್ಯಾಮೊಗ್ರಫಿ ಮಾಡಿಸಿ. ನಂತರ ಇಂಥ ರೋಗಿಗಳನ್ನು ನೋಡಿ ಅನುಭವವಿರುವ ಪ್ಲಾಸ್ಟಿಕ್ ಸರ್ಜನ್ ಬಳಿ ಹೋಗಿ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಗೆ ತನ್ನಿ. ನುಂಗುತ್ತಿರುವ ಮಾತ್ರೆಯ ಹೆಸರನ್ನು ತಪ್ಪದೆ ತಿಳಿಸಿ. ಅದು ಟಮಾಕ್ಸಿಫೆನ್ ಆಗಿದ್ದರೆ ರಕ್ತ ಹೆಪ್ಪುಗಟ್ಟುವ ಸಂಭವವಿರುವುದರಿಂದ ಕೆಲವು ವೈದ್ಯರು ಕೆಲ ದಿನ ನಿಲ್ಲಿಸಲು ಹೇಳುತ್ತಾರೆ, ನೀವಾಗಿಯೇ ನಿಲ್ಲಿಸಬೇಡಿ. ಆಪರೇಷನ್‌ನಲ್ಲಿ ತೆಗೆದ ಭಾಗವನ್ನು ಪ್ರಯೋಗಾಲಯಕ್ಕೆ ಕಳುಹಿಸಲು ಕೇಳಿ. ಮುಂದಿನ ಮ್ಯಾಮೊಗ್ರಫಿಯಲ್ಲಿ ಗಾಯದ ಕಲೆ ಗಂಟಿನಂತೆ ಕಾಣಬಹುದಾದ್ದರಿಂದ, ಆಪರೇಷನ್ ಆಗಿದೆಯೆಂದು ಪ್ರತಿಸಲ ಹೇಳಬೇಕು.

ಖರ್ಚಿನ ವಿಚಾರ: ಆರೋಗ್ಯ ವಿಮೆ ಇದ್ದರೆ ಪಾಲಿಸಿಯನ್ನು ಓದಿ. ಅಂದಕ್ಕಾಗಿ ಮಾಡಿಸುವ ಪ್ಲಾಸ್ಟಿಕ್ ಸರ್ಜರಿಗೆ ವಿಮೆ ಸಿಗುವುದಿಲ್ಲ. ಆದರೆ 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ರೂಪಿಸಿದ ನಿಯಮದ ಮಾತಿನಲ್ಲಿ ಅಪಘಾತ, ಸುಟ್ಟಗಾಯ ಮತ್ತು ಕ್ಯಾನ್ಸರ್ ನಂತರದ ಪುನರ್ರಚನೆಗೆ ವಿನಾಯಿತಿ ಇದೆ. ಎಡಭಾಗದ ಆಪರೇಷನ್ ಅದರಲ್ಲಿ ಸೇರುತ್ತದೆಯೇ ಎಂದು ಕಂಪನಿಯಿಂದ ಮೊದಲೇ ಬರಹದಲ್ಲಿ ಪಡೆಯಿರಿ.

ಆಪರೇಷನ್ ಬೇಡವೆನಿಸಿದರೆ, ಒಳ ಉಡುಪಿನಲ್ಲಿ ಇಟ್ಟುಕೊಳ್ಳುವ ಮೆತ್ತೆಗಳೂ ಸಿಗುತ್ತವೆ. ಯಾವುದು ಬೇಕೆಂಬ ತೀರ್ಮಾನ ತಾಯಿಯವರದ್ದೇ. ಅದನ್ನು ಅತ್ತೆಯೂ ಮಾಡಬೇಕಾಗಿಲ್ಲ, ನೀವೂ ಮಾಡಬೇಕಾಗಿಲ್ಲ. ಈ ಪುಟವನ್ನು ತಂದೆಯವರ ಕೈಗೆ ಕೊಡಿ. ಮುಂದಿನ ತಪಾಸಣೆಗೆ ಅವರೂ ಜೊತೆಗೆ ಹೋಗಲಿ. ಅವರು ಸುಮ್ಮನಿರುವುದನ್ನು ನಿಮ್ಮ ತಾಯಿ ಬೇಸರವೆಂದು ತಿಳಿದಿರಲೂಬಹುದು.